ಸಾಹೇಬರ ಕುರ್ಚಿ

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ. ಭಾಷಣ ಕಲಿಸುವುದರಲ್ಲಿ ಕಮಲಾಪುರದಲ್ಲೇ ನನ್ನಂಥವ ಇನ್ನೊಬ್ಬನಿಲ್ಲ. ಅದಕ್ಕೇ ಕಲಬುರಗಿಯ ಕೊಳೆಗೇರಿಯೊಂದರ ಮುಂದಾಳು ಅಲ್ಲಿಯ ಹೆಂಗಸರಿಗೆ ಮಾತು ಕಲಿಸಲು ನನ್ನನ್ನು ಕರೆಸಿದ್ದರು. ಮರುದಿನ ಆ ಹೆಂಗಸರು ಪಾಲಿಕೆ ಸಾಹೇಬರ ಮುಂದೆ ಓಣಿಗೆ ನೀರಿನ ನಳ ಕೇಳಬೇಕಿತ್ತು.

ನಾನು ಹೋದಾಗ ಹೆಂಗಸರೆಲ್ಲ ನೆಲದ ಮೇಲೆ ಕುಂತಿದ್ದರು. ಇದ್ದ ಒಂದೇ ಕುರ್ಚಿಯಲ್ಲಿ ನಾನು ಗತ್ತಿನಿಂದ ಕುಂತೆ. ನಾಗಮ್ಮ ಎಂಬಾಕೆ ಎದ್ದು, "ನಮ್ಮ ಓಣಿಗೆ ನಳ ಯಾವಾಗ ಹಾಕಸ್ತೀರಿ?" ಅಂದಳು.

"ನಾನಾ? ನಾ ಭಾಷಣ ಕಲಸಾಕ ಬಂದೀನ್ರೀ."

"ನೆಪ ಬ್ಯಾಡ್ರಿ ಸಾಹೇಬ್ರ, ದಿನ ಹೇಳ್ರಿ."

ತಲೆಬುಡ ತಿಳಿಯದೆ "ನಾಳೆ" ಅಂದುಬಿಟ್ಟೆ. ಹೆಂಗಸರು ನಕ್ಕರು. ಆ ಕುರ್ಚಿಯಲ್ಲಿ ಕುಂತವರನ್ನೇ ಸಾಹೇಬರೆಂದು ತಿಳಿದು ತಾಲೀಮು ಮಾಡುವುದು ಅವರ ಪದ್ಧತಿಯಂತೆ.

ಮರುದಿನ ನಾಗಮ್ಮ ಹಾಗೇ ಪಟ್ಟು ಹಿಡಿದಳು; ಸಾಹೇಬರು ಬೆವರೊರೆಸಿಕೊಳ್ಳುತ್ತ ಸೋಮವಾರವೇ ನಳ ಹಾಕಿಸುತ್ತೇನೆಂದರು. ಬೆವರಿನ ಮಾತಷ್ಟೇ ನಾನು ಸೇರಿಸಿದ್ದು. ನಿಜಕ್ಕೂ ಬೆವತವ ಹಿಂದಿನ ದಿನ ಆ ಕುರ್ಚಿಯಲ್ಲಿದ್ದ ನಾನೊಬ್ಬನೇ.