ಏನ್ ಸುದ್ದಿ ತಂದಿ?

ಶಹಾಬಾದದ ನಮ್ಮ ಓಣಿಯಲ್ಲಿ ಚರ್ಚಿಗೆ ಹೋಗುವವಳು ನಾನೊಬ್ಬಳೇ. ಫರಸಿ ಕಲ್ಲು ಪಾಲಿಶ್ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬಳೇ. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುವ ಎದುರುಮನೆಯ ಮುಸ್ಲಿಂ ಮುದುಕಿ ಮಾತಾಡಿಸದಿದ್ದರೆ ಇಡೀ ವಾರ ಬಾಯಿ ಮುಚ್ಚಿಕೊಂಡೇ ಇರಬೇಕಿತ್ತು.

ಸುವಾರ್ತೆ ಅಂದರೇನು ಅಂತ ಅವಳು ಒಮ್ಮೆ ಕೇಳಿದಳು. "ಒಳ್ಳೆ ಸುದ್ದಿ, ಖಾಲಾ" ಅಂದೆ. ಮುಗಿಯಿತು! ಚರ್ಚಿನಲ್ಲಿ ವಾರವಾರ ಎಲ್ಲಿಂದಲೋ ಬಂದ ಹೊಸ ಸುದ್ದಿ ಓದುತ್ತಾರೆ ಅಂತಲೇ ತಿಳಿದುಕೊಂಡಳು. ಭಾನುವಾರ ನಾನು ಓಣಿಗೆ ಕಾಲಿಡುವುದೇ ತಡ, ಕಟ್ಟೆಯ ಮೇಲಿಂದ ಕೂಗುತ್ತಿದ್ದಳು: "ಏನ್ ಸುದ್ದಿ ತಂದಿ, ಬೇಟಾ?"

ನಾನೂ ಸುದ್ದಿಯ ಹಾಗೇ ಹೇಳುತ್ತಿದ್ದೆ. ಒಬ್ಬ ಅಪ್ಪನಿಗೆ ಇಬ್ಬರು ಗಂಡುಮಕ್ಕಳು, ಚಿಕ್ಕವನು ತನ್ನ ಪಾಲು ಇಸಿದುಕೊಂಡು ಹೋಗಿ ಎಲ್ಲ ಹಾಳುಮಾಡಿ ಹೊಟ್ಟೆಗಿಲ್ಲದೆ ತಿರುಗಿ ಬಂದ, ಅಪ್ಪ ಓಡಿಹೋಗಿ ಅಪ್ಪಿಕೊಂಡ ಅಂದಾಗ, "ಯಾವೂರಾಗ? ವಾಡಿ ಕಡೇನಾ?" ಅಂದಳು. ಮುಂದಿನ ವಾರ ಮತ್ತೆ, "ಆ ಹುಡುಗ ತಿರುಗಿ ಓಡಿಹೋಗಿಲ್ಲ, ಹೌದಿಲ್ಲೋ?" ಅಂತ ವಿಚಾರಿಸಿದಳು. ನಗು ತಡೆಯಲಾಗಲಿಲ್ಲ, ತಿದ್ದಲೂ ಮನಸ್ಸಾಗಲಿಲ್ಲ. ಅವಳಿಗೆ ಹೇಳಬೇಕಲ್ಲ ಅಂತಲೇ ನಾನು ಚರ್ಚಿನಲ್ಲಿ ಕಿವಿಗೊಟ್ಟು ಕೂರುತ್ತಿದ್ದೆ.

ಆಮೇಲೆ ನಮ್ಮ ಚರ್ಚಿಗೆ ಸನ್ಮಾನದ ಹುಚ್ಚು ಹಿಡಿಯಿತು. ಫ್ಯಾನ್ ಕೊಟ್ಟವರಿಗೆ ಶಾಲು, ಕೊಡಿಸಿದವರಿಗೆ ಹಾರ, ಸುಮ್ಮನೆ ಬಂದ ಮುಖಂಡರಿಗೆ ಎರಡೂ. ನಡುವೆ ಇದ್ದ, ಸುವಾರ್ತೆ ಓದುವ ಮೇಜು ಮೂಲೆಗೆ ಸರಿಯಿತು, ಆ ಜಾಗಕ್ಕೆ ಅತಿಥಿಗಳ ಸೋಫಾ ಬಂತು. ಒಂದು ಬೇಸಿಗೆಯ ಭಾನುವಾರ ಭಾಷಣಗಳು ಮುಗಿಯುವಷ್ಟರಲ್ಲಿ ಹೊತ್ತಾಯಿತು ಅಂತ, ಸುವಾರ್ತೆ ಓದದೆಯೇ ಆಶೀರ್ವಾದ ಹೇಳಿ ಮುಗಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಎದ್ದುನಿಂತು, "ಸುವಾರ್ತಿ ಎಲ್ಲಿ ಹೋತ್ರಿ?" ಅಂತ ಕೇಳಿಯೇಬಿಟ್ಟೆ.

"ಟೈಮ್ ಆಗ್ಯಾದ ಅಕ್ಕಾರ, ಮನ್ಯಾಗ ಓದ್ಕೋರಿ," ಅಂದ ಕಮಿಟಿಯ ಸೆಕ್ರೆಟರಿ.

"ಶಾಲ್ ಮನ್ಯಾಗ ಹೊಚ್ಕೋರಿ! ಸುವಾರ್ತಿ ಇಲ್ಲಿ ಓದ್ರಿ!"

ಯಾರೂ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದವಳು ಕೂಡ ಮೆಲ್ಲಗೆ ಜರುಗಿ ಕೂತಳು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ. ಮನೆ ಹತ್ತಿರವಾದಂತೆ ಸಿಟ್ಟು ಇಳಿಯಿತು. ಆ ಒಂದು ಜಾಗವನ್ನೂ ಬಿಟ್ಟರೆ ನನಗೆ ಹೋಗಲು ಇನ್ನೆಲ್ಲಿತ್ತು?

"ಏನ್ ಸುದ್ದಿ ತಂದಿ, ಬೇಟಾ?"

"ಶಾಲು ಹೊಚ್ಚಿದ್ರು."

"ಇಂಥಾ ಬಿಸಲಾಗ? ಪಾಪ, ಥಂಡಿಜ್ವರ ಬಂದಿತ್ತೇನು?"

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. "ಬ್ಯಾರೆ ಸುದ್ದಿ ಇಲ್ಲ, ಖಾಲಾ. ಇನ್ನ ನಾ ಅಲ್ಲಿ ಹೋಗಂಗಿಲ್ಲ," ಅಂದೆ.

ಅವಳು ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. "ಹಂಗಾರ ಹಳೇದೇ ಹೇಳು. ಆ ತಿರುಗಿ ಬಂದ ಹುಡುಗಂದು," ಅಂದಳು.

ಬೇಸರದಲ್ಲೇ ಶುರುಮಾಡಿದೆ. ಹಿಂದೆ ಹೇಳದೆ ಬಿಟ್ಟಿದ್ದ ಕೊನೆಯ ಭಾಗವೂ ಬಾಯಿಗೆ ಬಂತು. ಒಳಗೆ ಹಬ್ಬದೂಟ ನಡೆದಾಗ ದೊಡ್ಡಮಗ ಸಿಟ್ಟು ಮಾಡಿಕೊಂಡು ಹೊರಗೇ ನಿಂತ, ಅವನನ್ನು ಕರೆಯಲು ಅಪ್ಪನೇ ಎದ್ದು ಬಂದ ಅಂತ ಹೇಳಿದೆ.

"ದುಡದಾಂವ ಅವನೇ ಅಲ್ಲ? ಸಿಟ್ಟು ಬರ್ತದ," ಅಂದಳು ಖಾಲಾ. "ಆಮ್ಯಾಲ ಒಳಗ ಹೋದನೋ ಇಲ್ಲೋ?"

"ಅದು ಪುಸ್ತಕದಾಗ ಬರದಿಲ್ಲ, ಖಾಲಾ."

"ಅಯ್ಯ! ಹಂಗಾರ ಇನ್ನಾ ಹೊರಗೇ ನಿಂತಾನ. ಅವನ ಸಲುವಾಗಿ ಅಪ್ಪನೂ ನಿಂತಾನ. ಇಬ್ಬರೂ ಉಂಡಿಲ್ಲ."

ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಮುಂದಿನ ಭಾನುವಾರ ಚರ್ಚಿಗೆ ಹೋದೆ. ನನ್ನ ಪಕ್ಕದ ಜಾಗ ಖಾಲಿಯೇ ಉಳಿಯಿತು. ಅವತ್ತೂ ಶಾಲು, ಅವತ್ತೂ ಭಾಷಣ, ಅವತ್ತೂ ಹೊತ್ತಾಯಿತು. ಜನ ಏಳತೊಡಗಿದಾಗ ನಾನು ಮೂಲೆಯ ಮೇಜಿಗೆ ಹೋಗಿ, ಮೈಕಿಲ್ಲದೆ, ಅಂದಿನ ಸುವಾರ್ತೆಯನ್ನು ಓದಿದೆ. ಕೆಲವರು ನಿಂತು ಕೇಳಿದರು, ಉಳಿದವರು ಚಪ್ಪಲಿ ಹುಡುಕಿಕೊಂಡು ಹೋದರು. ನನ್ನನ್ನು ಯಾರೂ ಮಾತಾಡಿಸಲಿಲ್ಲ.

ಓಣಿಗೆ ಬಂದಾಗ ಖಾಲಾ ಸುದ್ದಿ ಕೇಳಲಿಲ್ಲ. "ಆ ದೊಡ್ಡಮಗ ಒಳಗ ಹೋದನೇನು?" ಅಂತ ಕೇಳಿದಳು.

"ಹೋದ, ಖಾಲಾ," ಅಂದೆ. "ಬಾಜೂಕ ಯಾರೂ ಕುಂದ್ರಲಿಲ್ಲ. ಆದ್ರೂ ಹೋದ."