ಏಲಕ್ಕಿ ಡಬ್ಬಿಯ ಮಣ್ಣು

ಮಾವನವರನ್ನು ಮಾಂಬಳ್ಳಿಯ ಹೊಲದಲ್ಲಿ ಮಣ್ಣು ಮಾಡಿ ಬಂದ ಮಾರನೆಯ ದಿನ, ನಮ್ಮನೆಯವರ ಬಿಳಿ ಶರ್ಟನ್ನು ಒಗೆಯುವ ಕಲ್ಲಿನ ಮೇಲೆ ಹಾಕಿದೆ. ಎದೆಯ ಜೇಬು ಭಾರವಾಗಿತ್ತು. ಕೈ ಹಾಕಿದರೆ ಒಂದು ಹಿಡಿ ಮಣ್ಣು, ಅದರೊಳಗೆ ಬಾಡಿದ ಬಿಲ್ವದೆಲೆ.

ಅದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆಮನೆಯವರು ಲಿಂಗ ಕಟ್ಟುವವರು. ಹೋದವರನ್ನು ಗುಂಡಿಯಲ್ಲಿ ಕೂರಿಸಿ, ವಿಭೂತಿ ಪತ್ರೆ ತುಂಬಿದ ಮೇಲೆ ಮೊದಲ ಹಿಡಿ ಮಣ್ಣನ್ನು ಹಿರಿಮಗ ಹಾಕಬೇಕು. ಇವರೇ ಹಿರಿಮಗ. ಆದರೆ ನಾವಿಬ್ಬರೂ ಕೆಲವು ವರ್ಷಗಳ ಹಿಂದೆಯೇ ಯೇಸುವನ್ನು ನಂಬಿ, ಕೊಳ್ಳೇಗಾಲದಲ್ಲಿ ನಮ್ಮ ಬೀದಿಯ ಪಕ್ಕದ ಪ್ರಾರ್ಥನಾ ಮನೆಗೆ ಹೋಗಲು ಶುರು ಮಾಡಿದ್ದೆವು. ಅದನ್ನು ನಡೆಸುತ್ತಿದ್ದ, ನಾವೆಲ್ಲ ಅಕ್ಕ ಅನ್ನುತ್ತಿದ್ದವಳು ಫೋನಿನಲ್ಲಿ, ಹೋಗಿ ನಿಂತು ಬನ್ನಿ, ಶಾಸ್ತ್ರಕ್ಕೆ ಮಾತ್ರ ಕೈ ಹಾಕಬೇಡಿ ಎಂದಿದ್ದಳು. ಇವರು ಬಗ್ಗಿ ಮಣ್ಣು ತೆಗೆದುಕೊಂಡದ್ದನ್ನು ನಾನು ನೋಡಿದ್ದೆ. ಹಾಕುವುದಕ್ಕೂ ಆಗಲಿಲ್ಲ, ಚೆಲ್ಲುವುದಕ್ಕೂ ಮನಸ್ಸು ಬರಲಿಲ್ಲ. ಮೊದಲ ಹಿಡಿಯನ್ನು ಮೈದುನನೇ ಹಾಕಿದ.

ಆ ಮಣ್ಣನ್ನು ಏಲಕ್ಕಿ ಇಡುವ ಸಣ್ಣ ಸ್ಟೀಲ್ ಡಬ್ಬಿಗೆ ಸುರಿದು, ಅಟ್ಟದ ಮೇಲೆ ಹಳೆ ಹಿತ್ತಾಳೆ ಕೊಳದಪ್ಪಲೆಯ ಹಿಂದೆ ಇಟ್ಟೆ. ಇವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇವರಿಗೆ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಕಾಲದಲ್ಲಿ ಇವರ ಜೇಬಿನಿಂದ ಏನೇನೋ ಕೊಡವುತ್ತಿರುತ್ತೇನೆ. ಹಾಗೆಯೇ ಇದನ್ನೂ ನೋಡದೆ ಕೊಡವಿದಳು ಅಂದುಕೊಂಡಿರಬೇಕು. ಅಲ್ಲಿಂದ ಇವರ ನಿದ್ದೆ ಹೋಯಿತು. ಮಂಚದ ಮೇಲೆ ಎದ್ದು ಕೂತು ಅಂಗೈಯನ್ನು ತೊಡೆಗೆ ಉಜ್ಜುತ್ತಾ ಇರುವರು.

ಇದನ್ನು ನಾನು ಒಬ್ಬಳಿಗೇ ಹೇಳಿದ್ದು. ಅಕ್ಕನಿಗೆ.

ಅವಳಿಗೆ ಹೇಳದೆ ಇರಲು ಆಗುತ್ತಿರಲಿಲ್ಲ. ಹನೂರಿನ ಆಚೆ, ತಮಿಳು ಆಡುವ ಊರಿನವಳು. ನನ್ನನ್ನು "ಕಣ್ಣು" ಎಂದೇ ಕರೆಯುತ್ತಿದ್ದಳು. ನನಗೆ ಗರ್ಭಕೋಶದ ಆಪರೇಷನ್ ಆದಾಗ ಹೆತ್ತವಳ ಹಾಗೆ ಬಂದು ನನ್ನ ಬಟ್ಟೆ ಒಗೆದಳು. ಯೇಸುವಿನ ಹಾಗೆ ಆಗಬೇಕು ಅನ್ನುವವರು ಮೊದಲು ಊರವರ ಎಂಜಲು ತಟ್ಟೆ ತೊಳೆಯಲಿ ಅನ್ನುತ್ತಿದ್ದಳು, ತೊಳೆಯುತ್ತಲೂ ಇದ್ದಳು. ಪ್ರತಿ ವರ್ಷ ಶುಭ ಶುಕ್ರವಾರದ ಹಿಂದಿನ ಗುರುವಾರ ಬೇಸಿನ್ ಹಿಡಿದು ಮಂಡಿಯೂರಿ ನಮ್ಮೆಲ್ಲರ ಕಾಲು ತೊಳೆಯುವಳು. ಒಡೆದ ಹಿಮ್ಮಡಿಯ ಮುದುಕಿಯರು ಅಳುತ್ತಿದ್ದರು. ಹುಟ್ಟಿದಾಗಿನಿಂದ ಅವರ ಕಾಲನ್ನು ಇನ್ನೊಬ್ಬರು ಮುಟ್ಟಿದ್ದೇ ಇಲ್ಲ.

ಅವರೆಕಾಯಿ ಸುಲಿಯುತ್ತಾ ಎಲ್ಲ ಹೇಳಿಕೊಂಡೆ. ಜೇಬು, ಮಣ್ಣು, ಡಬ್ಬಿ, ಅಟ್ಟ. ಅಕ್ಕ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಮನಸ್ಸು ಹಗುರವಾಯಿತು. ಅವತ್ತಿನ ಲೆಕ್ಕದಲ್ಲಿ ಅದನ್ನೂ ದೇವರ ದಯೆ ಎಂದೇ ಎಣಿಸಿದೆ.

ಆ ಹೊತ್ತಿಗಾಗಲೇ ಒಂದು ವಿಷಯ ನನ್ನ ಕಿವಿಗೆ ಬಿದ್ದಿತ್ತು. ಎಲ್ಲರೂ ಸೇರಿ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಹೇಳುವಾಗ, ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುವ ಕಡೆ ಅಕ್ಕನ ದನಿ ನಿಲ್ಲುತ್ತಿತ್ತು. ಮುಂದಿನ ಮಾತಿಗೆ ಮತ್ತೆ ಸೇರುವಳು. ಕೆಮ್ಮಿರಬೇಕು ಅಂದುಕೊಂಡೆ. ಪ್ರತಿ ವಾರವೂ ಅದೇ ಜಾಗದಲ್ಲಿ ಯಾರಿಗೂ ಕೆಮ್ಮು ಬರುವುದಿಲ್ಲ.

ಒಂದು ಭಾನುವಾರ ಸಭೆಯ ನಡುವೆ ಅಕ್ಕ ಎದ್ದು ಇವರ ಮುಂದೆ ಬಂದು ನಿಂತಳು. ಎದೆಯ ಮೇಲೆ, ಜೇಬಿರುವ ಕಡೆಯೇ ಕೈಯಿಟ್ಟಳು.

"ಇಲ್ಲಿ ಮಣ್ಣು ಕಾಣ್ತಾ ಇದೆ. ನಿಮ್ಮಪ್ಪಂಗೆ ಹಾಕದ ಮಣ್ಣು. ನಿಮ್ಮಪ್ಪ ಕ್ಷಮಿಸಿದ್ದಾನೆ. ನಾನೂ ಕ್ಷಮಿಸಿದ್ದೀನಿ."

ಇವರು ನಿಂತಲ್ಲೇ ಕುಸಿದರು. ಆ ಗಂಡಸು ಅತ್ತಿದ್ದನ್ನು ನಾನು ಅವತ್ತೇ ನೋಡಿದ್ದು. ಸುತ್ತಲೂ ಎಲ್ಲರೂ ಸ್ತೋತ್ರ ಸ್ತೋತ್ರ ಅನ್ನುತ್ತಿದ್ದರೆ ನಾನು ಅವರೆಕಾಯಿ ಸುಲಿದ ದಿನವನ್ನು ನೆನೆಯುತ್ತಿದ್ದೆ. ಮಣ್ಣು ಎಲ್ಲಿ ಎಂದು ಅಕ್ಕ ಕೇಳಿದಳು. ಒಗೆತದಲ್ಲಿ ಹೋಯಿತು ಅಮ್ಮ ಎಂದರು ಇವರು. ಅಲ್ಲಿಯ ತನಕ ಅವಳು ಅಕ್ಕ, ಆ ಕ್ಷಣದಿಂದ ಅಮ್ಮ. ಹೋಗಿಲ್ಲ, ಈ ವಾರ ಕಾಲು ತೊಳೆಯುವ ಗುರುವಾರದೊಳಗೆ ನಿನ್ನ ಕೈಗೇ ಬರುತ್ತದೆ, ಆಗ ಅದನ್ನು ತಂದು ನನ್ನ ಪಾದಕ್ಕೆ ಹಾಕು ಅಂದಳು. ಅಂದು, ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಏನು ಮಾಡಬೇಕೆಂದು ಆ ನೋಟದಲ್ಲೇ ಇತ್ತು.

ಆ ರಾತ್ರಿ ಇವರು ಮಗುವಿನ ಹಾಗೆ ಮಲಗಿದರು. ಬೆಳಿಗ್ಗೆ ಎದ್ದವರೇ ಮಣ್ಣು ಹುಡುಕತೊಡಗಿದರು. ಹಳೆ ಶರ್ಟುಗಳ ಜೇಬು, ಒಗೆಯುವ ಕಲ್ಲಿನ ಸಂದು, ಬಚ್ಚಲ ಮೋರಿ. ಮುಖದಲ್ಲಿ ನಗು ಇತ್ತು. "ಅಮ್ಮ ಸುಮ್ನೆ ಹೇಳೋರಲ್ಲ ಕಣಮ್ಮಿ, ಸಿಕ್ಕೇ ಸಿಕ್ತದೆ." ಅಟ್ಟದ ಕೆಳಗೆ ನಿಂತು ಅನ್ನ ಬಸಿಯುತ್ತಿದ್ದ ನನಗೆ ಗಂಜಿ ಕೈ ಮೇಲೆ ಬಿದ್ದಿದ್ದೂ ತಿಳಿಯಲಿಲ್ಲ. ಡಬ್ಬಿಯನ್ನು ಇವರ ಕಣ್ಣಿಗೆ ಬೀಳುವ ಕಡೆ ಇಟ್ಟರೆ ಇವರ ನೆಮ್ಮದಿ ಉಳಿಯುತ್ತದೆ. ಆದರೆ ಆ ಮಣ್ಣು ಅವಳ ಪಾದಕ್ಕೆ ಹೋಗುತ್ತದೆ.

ಅಕ್ಕನ ಮನೆಗೆ ಹೋದೆ. ಎಂದಿನಂತೆ ಕಾಫಿ ಕೊಟ್ಟಳು.

"ಅದು ನಾನ್ ಹೇಳಿದ್ ಮಾತಲ್ವಾ ಅಕ್ಕ?"

"ಹೂಂ ಕಣ್ಣು. ನಿನ್ ಬಾಯಲ್ಲಿ ಹೇಳಿಸಿದ್ದು ಯಾರು?"

"ದೇವ್ರು ಅಂತೀರಾ?"

"ದೇವ್ರು ಬೇರೆ, ನಾನು ಬೇರೆ ಅಂತ ಇನ್ನೂ ಅನ್ಕೊಂಡಿದ್ದೀಯಲ್ಲ."

ತಮಾಷೆಗೆ ಹೇಳಿದ್ದಲ್ಲ. ಪವಿತ್ರತೆಯ ಮೆಟ್ಟಿಲು ಹತ್ತಿ ಹತ್ತಿ ಈಗ ಕೊನೆ ಮುಟ್ಟಿದ್ದೇನೆ, ಇಲ್ಲಿ ಮಾತಾಡುವವನು ಸ್ವಾಮಿಯೇ ಎಂದು ಎದೆ ಮುಟ್ಟಿಕೊಂಡು ಸಮಾಧಾನವಾಗಿ ವಿವರಿಸಿದಳು. ವಾದ ಮಾಡುವಷ್ಟು ಓದಿದವಳಲ್ಲ ನಾನು. ಒಂದೇ ಒಂದು ಕೇಳಿದೆ.

"ತಪ್ಪಾಯ್ತು ಅಂತ ಒಂದ್ಸಲ ಅನ್ನಿ ಅಕ್ಕ. ನಾನು ಯಾರಿಗೂ ಹೇಳಲ್ಲ."

"ತಪ್ಪು ಮಾಡೋಳು ನನ್ನೊಳಗೆ ಸತ್ತು ಬಹಳ ದಿನ ಆಯ್ತು ಕಣ್ಣು."

ಹೇಳಿ, ನಾನು ಕುಡಿದ ಲೋಟವನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ನನ್ನ ಬಟ್ಟೆ ಒಗೆದಿದ್ದ ಅದೇ ಕೈ. ಅದನ್ನು ನೋಡಿಯೇ ನನಗೆ ದುಃಖ ಉಕ್ಕಿದ್ದು.

ಗುರುವಾರ ಬೆಳಿಗ್ಗೆ ಇವರು ಅದೇ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದರು. ಮಣ್ಣು ಸಿಕ್ಕಿರಲಿಲ್ಲ, ಮುಖ ಬಾಡಿತ್ತು. ನಾನು ಅಟ್ಟ ಹತ್ತಿ ಡಬ್ಬಿ ಇಳಿಸಿ ಇವರ ಕೈಗಿಟ್ಟೆ. ಮುಚ್ಚಳ ತೆಗೆದವರ ಕಣ್ಣು ಅಗಲವಾಯಿತು. ಅವರ ಬಾಯಿಂದ ಸ್ತೋತ್ರ ಬರುವ ಮೊದಲೇ ಹೇಳಿಬಿಟ್ಟೆ. ನಾನೇ ಎತ್ತಿಟ್ಟಿದ್ದು, ನಾನೇ ಅಕ್ಕನಿಗೆ ಹೇಳಿದ್ದು, ಯಾರಿಗೂ ಏನೂ ಕಂಡಿರಲಿಲ್ಲ ಎಂದೆ.

ಮಣ್ಣನ್ನು ಬೆರಳಲ್ಲಿ ಮುಟ್ಟಿ ಕೇಳಿದರು: "ಅಪ್ಪ ಕ್ಷಮಿಸ್ದ ಅಂದ್ಲಲ್ಲ, ಅದೂವೆ?"

"ಅದು ನಂಗೊತ್ತಿಲ್ಲ. ಅವ್ಳಿಗೂ ಗೊತ್ತಿಲ್ಲ ಕಣ್ರಿ."

ಡಬ್ಬಿ ಹಿಡಿದು ಗಾಡಿ ಹತ್ತಿದರು. ಪ್ರಾರ್ಥನಾ ಮನೆಯ ಕಡೆ ತಿರುಗಿದರೋ ಮಾಂಬಳ್ಳಿಗೆ ಹೋಗುವ ಯಳಂದೂರು ರಸ್ತೆಗೋ ಎಂದು ಬಾಗಿಲಿಗೆ ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತೆ.

ಮಧ್ಯಾಹ್ನ ಅತ್ತೆಯ ಫೋನು ಬಂತು.

"ನಿನ್ ಗಂಡ ಬಂದವ್ನೆ ಕಣವ್ವ. ಅವ್ರಪ್ಪನ ಗುಡ್ಡೆ ಮೇಲೆ ಮಣ್ ಆಕ್ಬುಟ್ಟು ಅಲ್ಲೇ ಕುಂತವ್ನೆ, ಉಣ್ಣಕ್ಕೆ ಏಳು ಅಂದ್ರೂ ಏಳ್ನಿಲ್ಲ. ಮಠದ ಅಯ್ನೋರ ಪಾದ ಬ್ಯಾಡ ಅಂತ ಬುಟ್ಟೋದೋನು, ಯಾವಳೋ ಪಾದ ಇಡ್ಕಳಕ್ಕೆ ಒಂಟಿದ್ನಂತಲ್ಲ. ನೀನಾರ ಒಂದ್ ಮಾತ್ ಏಳ್ಬಾರ್ದಾ?"

"ಹೇಳ್ದೆ ಕಣತ್ತೆ."

ಸಂಜೆ ಬಂದವರು ಡಬ್ಬಿಯನ್ನು ಒಲೆಯ ಪಕ್ಕ ಇಟ್ಟರು. ಬರಿ ಡಬ್ಬಿ ಕಳಿಸಬಾರದೆಂದು ಅತ್ತೆ ತೊಳೆದು ಒಂದು ಉಂಡೆ ಬೆಲ್ಲ ಹಾಕಿದ್ದರು. ಅದನ್ನೇ ಒಡೆದು ಕಾಫಿ ಮಾಡಿದೆ. ಇವರು ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತಾ ಅಂದರು: "ನನ್ ಮನೆ ಮಾತ್ನ ನಿನ್ನೊಳಗೇ ಇಟ್ಕಳಕ್ಕೆ ಆಗ್ನಿಲ್ಲ ಅಲ್ವಾ?" ನಾನು ಲೋಟ ಎತ್ತಿಕೊಂಡೆ. ಕುಡಿದರಲ್ಲ, ಅಷ್ಟೇ ಸಾಕು ಎಂದುಕೊಂಡೆ.

ನಿದ್ದೆ ಮತ್ತೆ ಪೂರ್ತಿ ಬಂದಿಲ್ಲ. ಕೆಲವು ರಾತ್ರಿ ಬರುತ್ತದೆ, ಆ ರಾತ್ರಿಗಳನ್ನು ನಾನು ಎಣಿಸಿಕೊಳ್ಳುತ್ತೇನೆ. ಪ್ರಾರ್ಥನಾ ಮನೆಗೆ ಈಗ ಹನೂರು, ಶಾಗ್ಯದ ಕಡೆಯಿಂದಲೂ ಜನ ಬರುತ್ತಾರೆ. ಒಬ್ಬನ ಜೇಬಿನಲ್ಲಿ ಅವನಪ್ಪನ ಮಣ್ಣನ್ನು ಅಮ್ಮ ಕಂಡ ಕಥೆಯನ್ನು ಹೊಸಬರಿಗೆ ಮೊದಲು ಹೇಳುತ್ತಾರಂತೆ. ಗುರುವಾರ ಬೇಸಿನ್ ಇಟ್ಟಾಗ ಈಗ ಕುರ್ಚಿಯಲ್ಲಿ ಕೂರುವವಳು ಅಕ್ಕ, ಮಂಡಿಯೂರುವವರು ಆ ಮುದುಕಿಯರು.

ನಾವಿಬ್ಬರೂ ಮನೆಯಲ್ಲೇ ಪ್ರಾರ್ಥಿಸುತ್ತೇವೆ. ನನ್ನ ಯೇಸು ನನಗೇನೂ ಮೋಸ ಮಾಡಿಲ್ಲ. ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುವಾಗ ನಾನು ಬೇಕೆಂದೇ ಗಟ್ಟಿಯಾಗಿ ಹೇಳುತ್ತೇನೆ. ಅದರ ಬೆನ್ನಿಗೇ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಅನ್ನುವುದು ಬರುತ್ತದೆ. ಅಲ್ಲಿ ನನ್ನ ದನಿ ನಿಲ್ಲುತ್ತದೆ. ಇವರು ಒಬ್ಬರೇ ಹೇಳಿ ಮುಗಿಸಿ, ನನಗಾಗಿ ಒಂದು ಗಳಿಗೆ ಕಾಯುತ್ತಾರೆ.