ಬಲೆಯ ಸಾಲಿನಲ್ಲಿ ನಮ್ಮ ಮನೆಯ ಜಾಗ

ಬಂಗಾರಪೇಟೆಯ ಹಗ್ಗದಂಗಡಿಗೆ ಕೆಲಸವಿಲ್ಲದಿದ್ದರೂ ನಾನು ಆಗಾಗ ಹೋಗಿ ನಿಲ್ಲುತ್ತೇನೆ. ಈಗ ಅಲ್ಲಿ ಹಸಿರು, ನೀಲಿ ಪ್ಲಾಸ್ಟಿಕ್ ಹಗ್ಗಗಳೇ ಹೆಚ್ಚು. ಒಳಮೂಲೆಯಲ್ಲಿ ಮಾತ್ರ ಒಂದೆರಡು ಸುರುಳಿ ಸೆಣಬಿನ ಹಗ್ಗ ಇಟ್ಟಿರುತ್ತಾರೆ. ಮಳೆ ಹಿಡಿದ ದಿನಗಳಲ್ಲಿ ಅದು ತೇವ ಹೀರಿಕೊಂಡು ಕೆರೆಯ ಕೆಸರಿನಂಥ, ಹಸುವಿನ ಮೈಯಂಥ ಒಂದು ವಾಸನೆ ಬಿಡುತ್ತದೆ. ಅದಕ್ಕೆ ತಂಗಡಿ ಗಿಡದ ತೊಗಟೆಯ ಚಕ್ಕೆ ಕುದಿಸಿದ ನೀರಿನ ಒಗರು ಸೇರಿಬಿಟ್ಟರೆ ನಮ್ಮ ತಾತನ ಮನೆಯ ಪಡಸಾಲೆಯೇ ಆಯಿತು. ಆ ಒಗರನ್ನು ನಾನೇ ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತೇನೆ. ಅಂಗಡಿಯವನು ‘ಎಷ್ಟು ಮಾರು ಬೇಕು ಯಜಮಾನ್ರೇ?’ ಎಂದು ಕೇಳುವ ಹೊತ್ತಿಗೆ ನಾನು ಹತ್ತು ವರ್ಷದವನಾಗಿರುತ್ತೇನೆ.

ನಮ್ಮೂರು ಕಾಮಸಮುದ್ರದಿಂದ ಮೂರು ಮೈಲಿ. ನಡುವೆ ಜೇನುಗುಟ್ಟ ಎಂಬ ಕಲ್ಲುಬಂಡೆಗಳ ಗುಡ್ಡ. ಗಾಳಿ ನಮ್ಮ ಕಡೆಗಿದ್ದ ಬೆಳಗ್ಗೆ ಕೋರಮಂಡಲ್ ಚಿನ್ನದ ಗಣಿಯ ಸೈರನ್ನಿನ ಕೂಗು ಅಷ್ಟು ದೂರದಿಂದ ಸಣ್ಣಗೆ ಕೇಳುತ್ತಿತ್ತು, ಆಗ ಅಜ್ಜಿ ‘ಏಳ್ಲಾ, ನಿಮ್ಮಪ್ಪ ಭೂಮಿಯೊಳಕ್ಕೆ ಇಳೀತಾವ್ನೆ’ ಎಂದು ನನ್ನ ಕಂಬಳಿ ಎಳೆಯುತ್ತಿದ್ದಳು. ಅಪ್ಪ ಗಣಿ ಕೂಲಿಗಳ ಲೈನುಮನೆಯಲ್ಲೇ ಇದ್ದ. ಮನೆಯಲ್ಲಿ ತಾತ, ಅಜ್ಜಿ, ಅಮ್ಮ, ನಾನು, ಮತ್ತೆ ಪಡಸಾಲೆಯ ತೊಲೆಗೆ ನೇತುಹಾಕಿದ ಬಲೆ. ಬಲೆಯನ್ನೂ ಮನೆಯವರ ಲೆಕ್ಕಕ್ಕೆ ಸೇರಿಸಬೇಕು, ಏಕೆಂದರೆ ತಾತ ಊಟಕ್ಕೆ ಕೂರುವ ಮೊದಲು ಒಂದು ಸಲ ಅದರ ಮೇಲೆ ಕೈಯಾಡಿಸಿ ಬರುತ್ತಿದ್ದ. ಹೆಬ್ಬೆರಳು ದಪ್ಪದ ಸೆಣಬಿನ ಹಗ್ಗದಲ್ಲಿ, ಕಣ್ಣಿಗೆ ಕಣ್ಣು ಗಂಟು ಹಾಕಿ, ವರ್ಷಕ್ಕೊಮ್ಮೆ ತಂಗಡಿ ಚಕ್ಕೆಯ ಕೆಂಪು ನೀರಿನಲ್ಲಿ ಅದ್ದಿ ಒಣಗಿಸಿದ ಬಲೆ. ಊರಿನ ಪ್ರತಿ ಮನೆಯಲ್ಲೂ ಇಂಥದ್ದೊಂದು ತುಂಡು ಇತ್ತು. ಹಂದಿಯೋ ಚಿರತೆಯೋ ಉಪದ್ರವ ಕೊಟ್ಟರೆ ಎಲ್ಲರೂ ತಮ್ಮ ತಮ್ಮ ತುಂಡು ತಂದು ತುದಿಗೆ ತುದಿ ಕಟ್ಟಿ ಗುಟ್ಟದ ಒಂದು ಬದಿಯನ್ನು ಮುಚ್ಚುತ್ತಿದ್ದರು. ಇನ್ನೊಂದು ಬದಿಯಿಂದ ತಮಟೆಯವರು ಮೃಗವನ್ನು ಎಬ್ಬಿಸಿ ಓಡಿಸುತ್ತಿದ್ದರು. ಬಲೆಗೆ ಬಿದ್ದದ್ದಕ್ಕೆ ಈಟಿ. ಆ ಸಾಲಿನಲ್ಲಿ ಒಂದೊಂದು ಮನೆಗೂ ಹಿಂದಿನಿಂದ ಬಂದ ಜಾಗವಿತ್ತು. ಒಬ್ಬರ ಜಾಗದಲ್ಲಿ ಇನ್ನೊಬ್ಬರ ಬಲೆ ಕಟ್ಟುವಂತಿರಲಿಲ್ಲ. ಈ ಕಟ್ಟಳೆಯನ್ನು ಕಾಯುವವನು ಬಲೆಯಜಮಾನ. ನಲವತ್ತು ವರ್ಷ ಅದು ನಮ್ಮ ತಾತನೇ. ನಮ್ಮ ಮನೆಯ ಜಾಗ ಗುಟ್ಟದ ಬಾಯಲ್ಲಿ, ಕಾಮಸಮುದ್ರದ ಕಾಲುದಾರಿ ಬಂಡೆಗಳ ನಡುವಿನಿಂದ ಹೊರಬೀಳುವ ಕಡೆ.

ಅದೇ ದಾರಿಯಲ್ಲಿ ನಾನು ಸ್ಕೂಲಿಗೆ ಹೋಗಬೇಕಿತ್ತು, ಹೋಗಿರಲಿಲ್ಲ. ಮೂರು ಮೈಲಿ ನಡೆಯುವಷ್ಟು ದೊಡ್ಡವನಾಗಲಿ ಎಂದು ಮನೆಯವರು ಕಾದಿದ್ದರು, ನನಗೆ ಎಂಟು ತುಂಬಿದ ವರ್ಷ ಜೇನುಗುಟ್ಟಕ್ಕೆ ಒಂದು ಚಿರತೆ ಬಂದು ಸೇರಿತು. ಮೊದಲು ನಾಯಿಗಳು ಹೋದವು, ಆಮೇಲೆ ಮೇಕೆಗಳು, ಆಮೇಲೆ ಹುಲ್ಲು ಕೊಯ್ಯಲು ಹೋದ ಒಬ್ಬ ಮುದುಕಿಯ ಬೆನ್ನು ಸಿಗಿಯಿತು. ಅವಳು ಬದುಕಿಕೊಂಡಳು, ಆದರೆ ಅಂದಿನಿಂದ ಆ ದಾರಿಯಲ್ಲಿ ಮಕ್ಕಳನ್ನು ಯಾರೂ ಬಿಡಲಿಲ್ಲ. ಎರಡು ವರ್ಷ ಹಾಗೇ ಕಳೆಯಿತು. ಕಾಮಸಮುದ್ರದ ಮೇಷ್ಟರು ಸಂತೆಯಲ್ಲಿ ತಾತನಿಗೆ ಸಿಕ್ಕಿ, ‘ಸುಗ್ಗಿ ರಜಾ ಮುಗಿದ ಸೋಮವಾರ ಕರೆದುಕೊಂಡು ಬಾ. ಆ ಸೋಮವಾರ ತಪ್ಪಿದರೆ ಈ ವಯಸ್ಸಿನ ಹುಡುಗನನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಲಾರೆ’ ಎಂದರು. ತಾತ ಮನೆಗೆ ಬಂದವನೇ ಆ ಸೋಮವಾರಕ್ಕೆ ಎಷ್ಟು ದಿನವೆಂದು ಬೆರಳೆಣಿಸಿದ.

ಚಿರತೆ ಮುದುಕಿಯ ಮೇಲೆ ಬಿದ್ದ ಹೊಸತರಲ್ಲೇ ಊರಿನವರು ಬಲೆ ಬೀಸೋಣ ಎಂದು ಹೊರಟಿದ್ದರು. ಆಗ ತಾಲ್ಲೂಕು ಕಚೇರಿಯಿಂದ ಒಂದು ಹುಕುಂ ಬಂದು ಚಾವಡಿಯ ಗೋಡೆಗೆ ಅಂಟಿಕೊಂಡಿತು. ಅದರಲ್ಲಿ ಏನಿದೆ ಎಂದು ಓದುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಶಾನುಭೋಗರು ಎರಡು ದಿನದ ಮೇಲೆ ಬಂದು ಹೇಳಿದರು: ಜನ ಗುಂಪುಗೂಡಿ ಬಲೆ ಕಟ್ಟಬಾರದು, ಸರ್ಕಾರದ ಶಿಕಾರಿ ಬರುತ್ತಾನೆ, ಅವನೇ ಹೊಡೆಯುತ್ತಾನೆ.

‘ಯಾವಾಗ್ ಬತ್ತಾನಂತೆ ಸ್ವಾಮಿ?’ ಎಂದ ತಾತ.

‘ಬಂದಾಗ.’

‘ಅಂಗಾದ್ರೆ ಚಿರ್ತೆಗೂ ಒಂದ್ ಮಾತ್ ಏಳ್ಬಿಡಿ, ಅಲ್ಲೀಗಂಟ ಸ್ವಲ್ಪ ತಡ್ಕೊ ಅಂತ.’

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಶಾನುಭೋಗರೂ ಮೀಸೆಯೊಳಗೆ ನಕ್ಕರು. ತಾತ ಮಾತ್ರ ನಗಲಿಲ್ಲ. ಗೋಡೆಯ ಕಾಗದವನ್ನು ನನಗೆ ತೋರಿಸಿ, ‘ಇದ್ನ ಓದಾಕೆ ನಮ್ಮನೇಲಿ ಒಬ್ಬನಾದ್ರೂ ಇರ್ಬೇಕು ಕಣ್ಲಾ’ ಎಂದ.

ಆ ಸುಗ್ಗಿ ಹೋಗಿ ಇನ್ನೊಂದು ಸುಗ್ಗಿ ಮುಗಿಯುತ್ತಾ ಬಂದರೂ ಶಿಕಾರಿಯ ಸುಳಿವಿಲ್ಲ. ಆ ಸೋಮವಾರಕ್ಕೆ ಎಂಟು ದಿನ ಉಳಿದಿದ್ದಾಗ ಚಿರತೆ ನಮ್ಮ ಹಿತ್ತಿಲ ಹೊಲದಲ್ಲೇ ನಮ್ಮ ಕೆಂದು ಬಣ್ಣದ ಕರುವನ್ನು ಕೊಂದುಹಾಕಿತು. ಜನ ಕೂಗಿದ್ದಕ್ಕೆ ಬಿಟ್ಟು ಓಡಿತು. ತಾಯಿಯಿಲ್ಲದ ಆ ಕರುವಿಗೆ ಅಜ್ಜಿ ಗಂಜಿ ಕುಡಿಸಿ ಸಾಕಿದ್ದಳು. ಅವಳು ಅದರ ಹಣೆಗೆ ಅರಿಶಿನ ಕುಂಕುಮ ಇಟ್ಟು, ತನ್ನ ಹಳೆಯ ಸೀರೆಯ ತುಂಡು ಹೊದಿಸಿ, ಹೊಂಗೆಮರದ ಬುಡದಲ್ಲಿ ಗುಂಡಿ ತೋಡಿಸಿ ಹೂಳಿಸಿದಳು. ಹೂತಾದ ಮೇಲೆ ತಲೆಗೆ ನೀರು ಹುಯ್ದುಕೊಂಡಳು, ನಮಗೂ ಹುಯ್ದಳು. ಮಾರನೆಯ ದಿನ ಮಧ್ಯಾಹ್ನ ಸರ್ಕಾರದ ಶಿಕಾರಿ ಬಂದ.

ಅವನ ಹೆಸರು ರತ್ನಂ. ಮಿಲಿಟರಿ ಪಟಾಲಂನಲ್ಲಿದ್ದು ಬಂದವನು, ಮನೆ ಕೋರಮಂಡಲ್ ಕಡೆ. ಖಾಕಿ ಚಡ್ಡಿ, ಹೆಗಲಿಗೆ ಉದ್ದನೆಯ ಕೋವಿ, ಬಾಯಲ್ಲಿ ಅರ್ಧ ತಮಿಳು. ಬಂದವನೇ ‘ಸತ್ತ ಕರು ಎಲ್ಲಿ?’ ಎಂದ. ಹೊಂಗೆಮರದ ಬುಡ ತೋರಿಸಿದೆವು. ಅವನು ಟೋಪಿ ತೆಗೆದು ತಲೆಗೆ ಕೈ ಹೊತ್ತುಕೊಂಡ.

‘ಅಯ್ಯೋ, ಎನ್ನಾ ಪಾಟಿ ಇದು, ಏನಜ್ಜಿ ಇದು! ಆ ಹೆಣಕ್ಕೇ ಅದು ವಾಪಸ್ ಬರ್ತಿತ್ತು. ಮರದ್ ಮೇಲೆ ಕೂತು ಒಂದೇ ಏಟಿಗೆ ಮುಗಿಸ್ತಿದ್ದೆ. ಅದನ್ನೇ ಮಣ್ ಮಾಡಿಬಿಟ್ಯಲ್ಲ!’

‘ಊಂ ಕಣಪ್ಪ’ ಎಂದಳು ಅಜ್ಜಿ, ‘ಮನೇಲಿ ಸಾಕಿದ್ ಮಗೀನ ನಿನ್ನ ಕೋವಿ ಮುಂದೆ ಕೊಳೆಯಾಕೆ ಬಿಡ್ಬೇಕಿತ್ತೇನೋ. ನಿನ್ನೆ ಬಂದಿದ್ರೆ ನಿನ್ನೇ ಕೇಳ್ತಿದ್ದೆ.’

ರತ್ನಂ ಟೋಪಿ ಮತ್ತೆ ಹಾಕಿಕೊಂಡ. ಅಜ್ಜಿ ಅವನಿಗೆ ಮುದ್ದೆ, ಹುರುಳಿಸಾರು ಬಡಿಸಿದಳು. ಅವನು ಒಂದು ಮೇಕೆಯನ್ನು ಕಟ್ಟಿ ಮರದ ಮೇಲೆ ನಾಲ್ಕು ರಾತ್ರಿ ಕಾದ. ಚಿರತೆ ಆ ಕಡೆ ಸುಳಿಯಲಿಲ್ಲ. ಬೆಳಗ್ಗೆ ಅವನು ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಬರುವುದು, ಹೆಂಗಸರು ಬಾವಿಕಟ್ಟೆಯಲ್ಲಿ ‘ಮೇಕೆ ಚೆನ್ನಾಗ್ ಮೇದೈತೆ ಸ್ವಾಮಿ’ ಎನ್ನುವುದು, ಹೀಗೇ ಶುಕ್ರವಾರವಾಯಿತು. ಅಂದು ಅವನೇ ಚಾವಡಿಗೆ ಬಂದು ತಾತನ ಮುಂದೆ ಕೂತ.

‘ಪೆರಿಯವರೇ, ನಾಳೆ ನಿಮ್ಮ ಬಲೆ ಕಟ್ಟಿ. ಹುಕುಂ ಬಗ್ಗೆ ಯಾರಾದ್ರೂ ಕೇಳಿದ್ರೆ ನಾನ್ ಹೇಳ್ತೀನಿ. ಇಲ್ಲಿ ನಾನೇ ಸರ್ಕಾರ.’

ಎಲ್ಲರ ಮುಖ ಅರಳಿತು. ಆಗ ತಾತ ನಿಧಾನವಾಗಿ ಹೇಳಿದ, ‘ಎಲ್ಲಾರೂ ಕಟ್ಲಿ. ನನ್ನ ಬಲೆ ಕಟ್ಟಾಕಾಗಲ್ಲ. ಮನೇಲಿ ಸೂತಕ.’

ಸೂತಕದ ಮನೆಯ ಬಲೆ ಹನ್ನೊಂದು ದಿನ ಸಾಲಿಗೆ ಸೇರುವಂತಿಲ್ಲ. ಅಜ್ಜಿ ಕರುವನ್ನು ಮನುಷ್ಯರ ಹಾಗೆ ಮಣ್ಣು ಮಾಡಿ, ನೀರು ಹುಯ್ದುಕೊಂಡ ಗಳಿಗೆಯಲ್ಲೇ ನಮ್ಮ ಮನೆಗೆ ಸೂತಕ ಬಂದಿತ್ತು. ಪಕ್ಕದ ಮನೆಯವನು ‘ಕರೂಗೂ ಸೂತಕವಾ? ನನ್ನ ಬಲೇನೇ ಅಲ್ಲೀಗಂಟ ಎಳೀತೀನಿ ಬಿಡು’ ಎಂದ. ತಾತ ಒಪ್ಪಲಿಲ್ಲ. ಬೇರೆಯವರಿಗೆ ಎಷ್ಟೋ ಸಲ ಇದೇ ಕಟ್ಟಳೆ ಹೇಳಿ ಮನೆಗೆ ಕಳಿಸಿದವನು ಅವನು. ಹಾಗಾಗಿ ನಮ್ಮ ಜಾಗ ಖಾಲಿ ಬಿಡಬೇಕು, ಅದೂ ಗುಟ್ಟದ ಬಾಯನ್ನೇ. ಸೂತಕ ಕಳೆಯುವ ತನಕ ಕಾದರೆ ನನ್ನ ಸೋಮವಾರ ಹೋಗುತ್ತದೆ. ನಾನು ಕಂಬದ ಪಕ್ಕ ನಿಂತು ತಾತನ ಬಾಯನ್ನೇ ನೋಡುತ್ತಿದ್ದೆ. ರತ್ನಂ ಎದ್ದು ನಿಂತ. ‘ಖಾಲಿ ಯಾಕೆ? ಆ ಜಾಗದಲ್ಲಿ ನಾನ್ ನಿಲ್ತೀನಿ’ ಎಂದ.

ಶನಿವಾರ ಬಿಸಿಲು ಏರುವ ಮೊದಲೇ ಗುಟ್ಟದ ಬುಡದಲ್ಲಿ ಬಲೆಗಳು ಒಂದಕ್ಕೊಂದು ಗಂಟು ಬಿದ್ದವು. ಹೆಂಗಸರು ಮಕ್ಕಳು ಎದುರಿನ ಎತ್ತರದ ಬಂಡೆಯ ಮೇಲೆ. ಅಲ್ಲಿಂದ ನನಗೆ ಎಲ್ಲಾ ಕಾಣುತ್ತಿತ್ತು. ಸಾಲಿನ ನಡುವೆ, ಹಲ್ಲು ಬಿದ್ದ ಬಾಯಂತೆ, ನಮ್ಮ ಜಾಗ. ಅಲ್ಲಿ ಕೋವಿ ಹಿಡಿದ ರತ್ನಂ, ನಾಲ್ಕು ಹೆಜ್ಜೆ ಹಿಂದೆ ತಾತ. ತಾತನ ಹೆಗಲ ಮೇಲೆ ನಮ್ಮ ಬಲೆ ಮಡಿಸಿಕೊಂಡು ಕೂತಿತ್ತು. ಬೆಳಗ್ಗೆ ಅದನ್ನು ತೊಲೆಯಿಂದ ಇಳಿಸುವಾಗ ಅಜ್ಜಿ ತಡೆದಿದ್ದಳು. ‘ಬೀಸಾಕಿಲ್ಲ, ಕಟ್ಟಾಕಿಲ್ಲ. ಒತ್ಕೊಂಡ್ ಓಗಾಕೇನ್ ತಪ್ಪು?’ ಎಂದು ತಾತ ಹೊರಟುಬಿಟ್ಟಿದ್ದ.

ಆಚೆ ಬದಿಯಲ್ಲಿ ತಮಟೆ ಶುರುವಾಯಿತು. ಮೊದಲು ನವಿಲುಗಳು ಎದ್ದವು, ಒಂದು ಮೊಲ ಬಲೆಯ ಕಣ್ಣಿನಲ್ಲಿ ತೂರಿ ಓಡಿತು. ಆಮೇಲೆ ಅದು ಬಂತು. ಬಂಡೆಯೇ ಕರಗಿ ಹರಿದು ಬಂದ ಹಾಗೆ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಬಲೆಯನ್ನು ಒಂದು ಕಡೆಯಿಂದ ನೋಡುತ್ತಾ ಬಂತು. ಎರಡು ವರ್ಷ ನನ್ನನ್ನು ಮನೆಯಲ್ಲಿ ಕೂರಿಸಿದ ಪ್ರಾಣಿ ಅಷ್ಟು ಚೆಂದವಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಖಾಲಿ ಜಾಗ ಕಂಡದ್ದೇ ಅದು ನೇರ ಕಾಲುದಾರಿಗೆ ತಿರುಗಿತು. ಕೋವಿ ಹಾರಿತು. ಗುಂಡು ಅದರ ತೊಡೆಗೆ ಬಿತ್ತು, ಅದು ಬೀಳಲಿಲ್ಲ. ಎರಡನೇ ಗುಂಡಿಗೆ ಸಮಯವಿರಲಿಲ್ಲ. ಚಿರತೆ ರತ್ನಂನನ್ನು ಕೆಡವಿ ಭುಜಕ್ಕೆ ಬಾಯಿ ಹಾಕಿತ್ತು.

ತಾತ ಒಂದು ಗಳಿಗೆಯೂ ಯೋಚಿಸಲಿಲ್ಲ. ಹೆಗಲಿನಿಂದ ಬಲೆ ಹಾರಿ, ಗಾಳಿಯಲ್ಲಿ ಬಿಚ್ಚಿಕೊಂಡು, ಚಿರತೆಯ ಮೇಲೂ ಮನುಷ್ಯನ ಮೇಲೂ ಒಟ್ಟಿಗೇ ಬಿತ್ತು. ಚಿರತೆ ಭುಜ ಬಿಟ್ಟು ಹಗ್ಗ ಕಚ್ಚಿತು. ತಾತ ಬಲೆಯ ಅಂಚಿನ ಮೇಲೆ ಮಂಡಿಯೂರಿ ಕೂತು ‘ಬನ್ರೋ!’ ಎಂದು ಕೂಗಿದ. ಎರಡೂ ಕಡೆಯಿಂದ ಈಟಿಗಳು ಬಂದವು. ನನ್ನ ಪಕ್ಕದಲ್ಲಿ ಅಜ್ಜಿ ನನ್ನ ತಲೆಗೂದಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದು ನನಗೆ ಗೊತ್ತಾದದ್ದು ಅವಳು ಬಿಟ್ಟ ಮೇಲೆಯೇ.

ರತ್ನಂನನ್ನು ಗಾಡಿಯಲ್ಲಿ ಬಂಗಾರಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಗಾಡಿಯ ಹುಲ್ಲಿನ ಮೇಲೆ ಮಲಗಿ ಅವನು ಅಜ್ಜಿಯನ್ನು ಕರೆದು, ‘ಪಾಟಿ, ಕರು ಹೂತದ್ದು ಸರಿಯಾಯ್ತು, ಇಲ್ಲದಿದ್ರೆ ಇವರು ಬಲೆಯನ್ನ ಅಲ್ಲೇ ಕಟ್ಟಿರ್ತಿದ್ರು, ನನ್ನ ಮೇಲೆ ಎಸೆಯೋಕೆ ಏನಿರ್ತಿತ್ತು?’ ಎಂದು ನಗಲು ಹೋಗಿ ಮುಖ ಹಿಂಡಿದ. ‘ಕಟ್ಟಿದ್ರೆ ನೀನಲ್ಲಿ ನಿಲ್ತಾನೇ ಇರ್ಲಿಲ್ಲ, ಸುಮ್ನೆ ಮನೀಕ’ ಎಂದಳು ಅಜ್ಜಿ. ಚರ್ಮ ತಾಲ್ಲೂಕು ಕಚೇರಿಗೆ ಹೋಯಿತು. ಸರ್ಕಾರದ ಶಿಕಾರಿ ಹೊಡೆದದ್ದು ಎಂದು ಬರೆದುಕೊಂಡರಂತೆ. ಊರಿನವರು ಸ್ವಲ್ಪ ಗೊಣಗಿದರು. ತಾತನಿಗೆ ಅದರ ಚಿಂತೆಯೇ ಇರಲಿಲ್ಲ. ಆದರೆ ಅಜ್ಜಿ ಬಿಡುವವಳಲ್ಲ: ‘ನಲವತ್ತು ವರ್ಸ ಊರ್ಗೆಲ್ಲಾ ಕಟ್ಲೆ ಏಳ್ದೆ. ಸೂತಕದ ಬಲೆ ನೀನೇ ಬೀಸಿದ್ಯಲ್ಲ!’

‘ಏನ್ ಮಾಡ್ಲಿ’ ಎಂದ ತಾತ. ‘ಅವ್ನು ನನ್ನ ಜಾಗದಾಗೆ ನಿಂತಿದ್ದ.’

ಕಟ್ಟಳೆ ಮುರಿದ ಆ ಬಲೆ ಮತ್ತೆ ಸಾಲಿಗೆ ಸೇರಲಿಲ್ಲ. ತಾತನೇ ಹಾಗೆಂದು ತೀರ್ಮಾನಿಸಿದ. ಭಾನುವಾರ ಇಡೀ ದಿನ ಪಡಸಾಲೆಯಲ್ಲಿ ಕೂತು ಅದರಲ್ಲಿ ಚಿರತೆ ಕಚ್ಚಿಯೂ ಹರಿಯದೆ ಉಳಿದ ಭಾಗವನ್ನು ಬಿಚ್ಚಿ, ಎಳೆ ಬೇರೆ ಮಾಡಿ, ಸಣ್ಣ ಸಣ್ಣ ಕಣ್ಣಿನ ಒಂದು ಚೀಲ ಹೆಣೆದ. ಸೋಮವಾರ ಅದರಲ್ಲಿ ಸ್ಲೇಟು ಹಾಕಿ ನನ್ನ ಹೆಗಲಿಗೆ ಏರಿಸಿದ. ‘ಇಷ್ಟೊಂದು ತೂತು! ಕಲ್ತದ್ದೆಲ್ಲಾ ದಾರೀಲೇ ಉದ್ರೋಗ್ತದೆ ನೋಡ್ಲಾ’ ಎಂದು ಅಜ್ಜಿ ಹಾಸ್ಯ ಮಾಡಿದಳು. ಮೇಷ್ಟರು ನನ್ನನ್ನು ಆರು ವರ್ಷದವರ ನಡುವೆ ಕೂರಿಸಿದರು. ನನ್ನ ಮಂಡಿ ಅವರ ಗಲ್ಲದ ಎತ್ತರಕ್ಕೆ ಬರುತ್ತಿತ್ತು. ನಾಚಿಕೆಯಾಗಲಿಲ್ಲ. ಇಡೀ ಕ್ಲಾಸಿನಲ್ಲಿ ಚಿರತೆಯ ಹಲ್ಲಿನ ಗುರುತಿದ್ದ ಚೀಲ ನನ್ನದೊಂದೇ.

ಮಾರನೆಯ ವರ್ಷ ಚಾವಡಿಯ ಗೋಡೆಯಲ್ಲಿ ಇನ್ನೂ ಹರಕಾಗಿ ಉಳಿದಿದ್ದ ಆ ಹುಕುಮನ್ನು ಅಕ್ಷರ ಅಕ್ಷರ ಕೂಡಿಸಿ ತಾತನಿಗೆ ಓದಿದೆ. ಕೇಳಿ ಮುಗಿಸಿ, ‘ಅಷ್ಟೇನಾ?’ ಎಂದ. ಮತ್ತೊಮ್ಮೆ ಓದಿಸಿದ.

ಆಮೇಲೆ ಕೋವಿಯ ಲೈಸೆನ್ಸುಗಳು ಬಂದವು, ಗುಟ್ಟಕ್ಕೆ ಕಾವಲುಗಾರ ಬಂದ, ಬಲೆಗಳು ಒಂದೊಂದಾಗಿ ಹುಲ್ಲು ಹೊರುವ ಹಗ್ಗಗಳಾದವು. ಪಡಸಾಲೆ ಬಿತ್ತು, ತೊಲೆಯನ್ನು ಯಾರೋ ಕೊಂಡುಹೋದರು. ಚೀಲ ಯಾವಾಗ ಕಳೆಯಿತೋ ನೆನಪಿಲ್ಲ. ನೆನಪಿರುವುದು ಬೆಳಗಿನ ನಡಿಗೆ. ಚಿರತೆ ಸತ್ತಿದ್ದರೂ ತಾತ ದಿನವೂ ನನ್ನ ಜೊತೆ ಗುಟ್ಟದ ಬಾಯಿಯ ತನಕ ಬರುತ್ತಿದ್ದ. ಅಲ್ಲಿ, ನಮ್ಮ ಬಲೆ ಕಟ್ಟುತ್ತಿದ್ದ ಜಾಗದಲ್ಲಿ, ನಿಂತುಬಿಡುತ್ತಿದ್ದ. ‘ಓಗ್ಲಾ, ನಾನಿಲ್ಲೇ ಇರ್ತೀನಿ’ ಎನ್ನುತ್ತಿದ್ದ. ನಾನು ಬಂಡೆಗಳ ನಡುವೆ ನಡೆಯುತ್ತಾ ತಿರುಗಿ ನೋಡಿದಾಗಲೆಲ್ಲ ಅವನು ಅಲ್ಲೇ ಇರುತ್ತಿದ್ದ, ಎರಡು ಕೈ ಸ್ವಲ್ಪ ಅಗಲಿಸಿಕೊಂಡು. ಈಗ ಆ ದಾರಿಯಲ್ಲಿ ಬಸ್ಸು ಹೋಗುತ್ತದೆ. ಆ ಜಾಗ ಬಂದಾಗ ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡುತ್ತೇನೆ.